ತೊಂಬತ್ತು ಲೀಟರಿನ ಮನೆ

ಗಾಡಿಯ ಟ್ಯಾಂಕಿನಲ್ಲಿ 90 ಲೀಟರ್ ನೀರು ಹಿಡಿಯುತ್ತದೆ ಎಂದು ನನ್ನ ಹೆಂಡತಿಯ ತಮ್ಮ ಹೆಮ್ಮೆಯಿಂದ ಹೇಳಿದಾಗ, ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದ ನಮ್ಮ ಅವ್ವ ಬೆರಳು ಮಡಚಿ ಲೆಕ್ಕ ಹಾಕಿ, ‘ಅಂದ್ರ ಆರು ಕೊಡ ಆತು. ಐದು ಮಂದಿಗಿ ಆರು ಕೊಡ ನೀರು ಎಲ್ಲಿಗಿ ಸಾಲ್ತದೋ ತಮ್ಮಾ?’ ಎಂದು ಕೇಳಿದಳು. ಅವನು ನಕ್ಕ, ನಾನೂ ನಕ್ಕೆ. ಕಲಬುರಗಿಯಲ್ಲಿ ಬೇಸಿಗೆ ಕಳೆದವರಿಗೆ ನೀರಿನ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ಬರುವ ನಮ್ಮ ಓಣಿಯಲ್ಲಿ ಎಷ್ಟು ಕೊಡ ತುಂಬಿದೆ, ಎಷ್ಟು ಖಾಲಿಯಾಗಿದೆ ಎಂಬುದು ಪ್ರತಿ ಮನೆಯಲ್ಲೂ ಬಾಯಿಪಾಠ. ಆದರೂ ಕಡಲ ಕಡೆಗೆ ಹೊರಟವರು ನೀರಿಗೆ ಹೆದರುವುದುಂಟೇ ಎಂಬ ಧೈರ್ಯ ನಮ್ಮೆಲ್ಲರಲ್ಲಿತ್ತು. ಮೇ ತಿಂಗಳಿನಲ್ಲಿ ಒಂಬತ್ತು ದಿನ ಆ ಚಕ್ರದ ಮನೆಯಲ್ಲಿ ಅಂಕೋಲೆಯಿಂದ ಮಲ್ಪೆಯವರೆಗಿನ ಮೀನುಗಾರರ ಊರುಗಳನ್ನು ಸುತ್ತಿ ಬಂದ ಮೇಲೆ, ಅವ್ವನ ಲೆಕ್ಕವೇ ಸರಿಯಾಗಿತ್ತೆಂದು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿರುವ ನನ್ನ ಭಾವಮೈದುನ ಮತ್ತು ಅವನ ಇಬ್ಬರು ಗೆಳೆಯರು ಸೇರಿ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಸಾರಿಗೆ ಇಲಾಖೆಯ ಅನುಮತಿ ಪಡೆದು, ಸೀಟುಗಳನ್ನು ಕಿತ್ತು ಅದರೊಳಗೆ ಮನೆ ಕಟ್ಟಿಸಿದ್ದಾರೆ. ಹಗಲು ಕೂರುವ ಹಲಗೆಯೇ ರಾತ್ರಿ ಮಂಚವಾಗುತ್ತದೆ. ಎರಡು ಒಲೆಯ ಗ್ಯಾಸ್ ಕಟ್ಟೆ, ಪಾತ್ರೆ ತೊಳೆಯುವ ಪುಟ್ಟ ಸಿಂಕು, ಬಾಗಿಲು ಮುಚ್ಚಿದರೆ ಕಪಾಟಿನಂತೆ ಕಾಣುವ ಸಂಡಾಸು, ಛಾವಣಿಯ ಮೇಲೆ 300 ವ್ಯಾಟಿನ ಸೋಲಾರ್ ಫಲಕ, ಅಡಿಯಲ್ಲಿ 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿ. ಕೇಳುವುದಕ್ಕೆ ಎಲ್ಲವೂ ಭರ್ಜರಿಯಾಗಿದೆ. ಗುಣಿಸಿ ನೋಡಿದರೆ ಮಾತ್ರ ಆ ಬ್ಯಾಟರಿಯಲ್ಲಿರುವುದು 2,400 ವ್ಯಾಟ್-ಅವರ್, ಎಂದರೆ ಮನೆಯ ಮೀಟರಿನ ಲೆಕ್ಕದಲ್ಲಿ ಎರಡೂವರೆ ಯೂನಿಟ್ಟಿಗೂ ಕಡಿಮೆ ಕರೆಂಟು. ಛಾವಣಿಯ ಎ.ಸಿ. ಗಂಟೆಗೆ ಒಂದೂವರೆ ಯೂನಿಟ್ ನುಂಗುತ್ತದೆ. ಹೊರಗಿನಿಂದ ವೈರು ಎಳೆದುಕೊಳ್ಳಲು ಜಾಗ ಸಿಕ್ಕದ ರಾತ್ರಿಯಲ್ಲಿ ಅದು ಒಂದೂವರೆ ಗಂಟೆ ಓಡಿದರೆ ಹೆಚ್ಚು. ಆದ್ದರಿಂದ ನಮ್ಮ ಪಾಲಿಗೆ ಎ.ಸಿ. ಇದ್ದೂ ಇಲ್ಲದ ವಸ್ತುವಾಗಿತ್ತು. ಎರಡು ಸಣ್ಣ ಫ್ಯಾನು, ನಾಲ್ಕು ದೀಪ, ಐದು ಫೋನು, ಇಷ್ಟೇ ನಿಜವಾದ ಸಂಸಾರ.

ಬಿಸಿಲಿಗೆ ನಾವು ಹೆದರುವವರಲ್ಲ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು ರಾಜ್ಯಕ್ಕೆಲ್ಲ ಗೊತ್ತು. ಶಹಾಬಾದ್ ಫರಸಿ ಹಾಸಿದ ಮನೆಯಲ್ಲಿ ಕೂಲರ್ ಹಚ್ಚಿ, ಬಾಗಿಲಿಗೆ ಒದ್ದೆ ಪರದೆ ಬಿಟ್ಟುಕೊಂಡರೆ 43 ಡಿಗ್ರಿಯ ಮಧ್ಯಾಹ್ನವೂ ಹೇಗೋ ಕಳೆಯುತ್ತದೆ. ಹಾಗಾಗಿ ನಾನು ಒಂದು ಚಿಕ್ಕ ಕೂಲರನ್ನೂ ಗಾಡಿಯಲ್ಲಿ ಇಟ್ಟುಕೊಳ್ಳೋಣ ಎಂದೆ. ಭಾವಮೈದುನ, ‘ಮಾಮಾ, ಅಲ್ಲಿ ಅದು ನಡೆಯಂಗಿಲ್ರಿ’ ಎಂದು ತೆಗೆದಿಟ್ಟ. ಕೂಲರಿನ ತಂಪು ಎಂಬುದು ನೀರು ಆವಿಯಾಗುವುದರಿಂದ ಹುಟ್ಟುವಂಥದ್ದು, ಆವಿಯಾಗಬೇಕಾದರೆ ಗಾಳಿ ಒಣಗಿರಬೇಕು ಎಂಬುದನ್ನು ನಾನು ಎಂಟನೆಯ ತರಗತಿಯ ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತ ಬಂದಿದ್ದರೂ ಅದು ನನಗೆ ಮೈಯಲ್ಲಿ ಅರ್ಥವಾದದ್ದು ಅಂಕೋಲೆಯ ಮೊದಲ ರಾತ್ರಿ. ಅಲ್ಲಿ ಉಷ್ಣಾಂಶ 34ನ್ನು ದಾಟಿರಲಿಲ್ಲ. ಆದರೆ ಬೆವರು ಮೈ ಬಿಟ್ಟು ಹೋಗಲೊಲ್ಲದು. ನಮ್ಮ ಕಡೆಯ ಬಿಸಿಲು ಸುಡುತ್ತದೆ, ಕಡಲ ಕಡೆಯ ಸೆಕೆ ಬೇಯಿಸುತ್ತದೆ. ಎರಡನ್ನೂ ಕಂಡ ಅವ್ವ ಸುಡುವುದೇ ವಾಸಿ ಎಂದು ಅಲ್ಲಿಯೇ ತೀರ್ಪು ಕೊಟ್ಟಳು.

ಜೇವರ್ಗಿ, ಸಿಂದಗಿ ದಾಟಿ ವಿಜಯಪುರದವರೆಗೆ 50ನೆಯ ರಾಷ್ಟ್ರೀಯ ಹೆದ್ದಾರಿ, ಅಲ್ಲಿಂದ ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅಂಕೋಲೆಗೆ ಇಳಿಯುವ 52ನೆಯ ಹೆದ್ದಾರಿ, ಒಟ್ಟು 500 ಕಿ.ಮೀ. ಹತ್ತಿರದ ಈ ದಾರಿಯನ್ನು ಎರಡು ದಿನಕ್ಕೆ ಹಂಚಿಕೊಂಡೆವು. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ, ಅರಬೈಲು ಘಟ್ಟದ ತಿರುವುಗಳಲ್ಲಿ ಪಾತ್ರೆ ಕಪಾಟಿನ ಚಿಲಕ ಕಳಚಿ ಸ್ಟೀಲಿನ ಡಬ್ಬಿಗಳೆಲ್ಲ ಉರುಳಿದ್ದೊಂದನ್ನು ಬಿಟ್ಟರೆ. ಆ ಡಬ್ಬಿಗಳಲ್ಲಿ ನನ್ನ ಹೆಂಡತಿ ಅರವತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ ತುಂಬಿದ್ದಳು. ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಮೀನು ತಿನ್ನದವರು ಮೀನುಗಾರರ ಊರಿಗೆ ಏಕೆ ಹೋಗಬೇಕೆಂದು ನೆಂಟರು ಕೇಳಿದ್ದರು. ಗಿಣಿಗಳನ್ನು ತಿನ್ನುವ ಆಸೆಯಿಂದ ಯಾರಾದರೂ ಕಾಡಿಗೆ ಹೋಗುತ್ತಾರೆಯೇ ಎಂದು ನನ್ನ ಮಗಳು ಉತ್ತರ ಕೊಟ್ಟಳು.

ಕಡಕ್ ರೊಟ್ಟಿ ನಮ್ಮ ಕಡೆ ಹದಿನೈದು ದಿನವಾದರೂ ಕೆಡುವ ವಸ್ತುವಲ್ಲ. ಕುಮಟೆಯ ಹತ್ತಿರ ಮೂರನೆಯ ದಿನ ಡಬ್ಬಿ ತೆರೆದರೆ ರೊಟ್ಟಿ ಮುರಿಯಲಿಲ್ಲ, ಒದ್ದೆ ಬಟ್ಟೆಯಂತೆ ಬಾಗಿತು. ಹೆಂಡತಿಯ ಮುಖ ಸಪ್ಪಗಾಯಿತು. ನಾವು ಗಾಡಿ ನಿಲ್ಲಿಸಿದ್ದ ಗಾಳಿಮರದ ತೋಪಿನ ಆಚೆಯ ಬಯಲಿನಲ್ಲಿ ಇಬ್ಬರು ಹೆಂಗಸರು ಚಾಪೆಯ ಮೇಲೆ ತಾರ್ಲೆ, ಬಂಗುಡೆ, ಸಣ್ಣ ಸಿಗಡಿ ಹರವಿ ಒಣಗಿಸುತ್ತಿದ್ದರು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವೂ ಅದೇ, ಕಡಲು ಹುಚ್ಚಾಗುವ ಕಾಲವೂ ಅದೇ. ಆ ಎರಡು ತಿಂಗಳಿಗೆ ಬೇಕಾದ ಒಣಮೀನು ಮೇ ತಿಂಗಳ ಬಿಸಿಲಿನಲ್ಲಿಯೇ ಸಿದ್ಧವಾಗಬೇಕು. ಉಪ್ಪು ಹಚ್ಚುವುದು, ಹರವುವುದು, ಮಗುಚುವುದು, ಕಾಗೆ ಓಡಿಸುವುದು, ಸಂಜೆಯ ತೇವ ತಾಗುವ ಮೊದಲೇ ಮುಚ್ಚಿಡುವುದು. ಇದನ್ನೆಲ್ಲ ಅವ್ವ ದೂರದಿಂದ ಬಹಳ ಹೊತ್ತು ನೋಡಿದಳು. ಅವಳಿಗೆ ಅದು ಮೀನಾಗಿ ಕಾಣಲಿಲ್ಲವೆಂದು ತೋರುತ್ತದೆ, ಮಾಳಿಗೆಯ ಮೇಲಿನ ಹಪ್ಪಳ ಸಂಡಿಗೆಯಾಗಿ ಕಂಡಿತು. ಕೊನೆಗೆ ತಾನೇ ಹೋಗಿ, ಸೆರಗಿನಿಂದ ಮೂಗು ಮುಚ್ಚಿಕೊಂಡೇ, ರೊಟ್ಟಿಯ ಸಂಗತಿ ಹೇಳಿದಳು. ಅವರಲ್ಲಿ ಹಿರಿಯಳು ತನ್ನ ಚಾಪೆಯ ಒಂದು ಮೂಲೆಯನ್ನು ತೆರವು ಮಾಡಿಕೊಡಲು ಹೊರಟಾಗ ಅವ್ವ ಗಾಬರಿಯಾದದ್ದು ನಿಜ. ಅದನ್ನು ಕಂಡು ಆಕೆ ಜೋರಾಗಿ ನಕ್ಕು, ಮನೆಯಿಂದ ತೊಳೆದ ಹೊಸ ಪಂಚೆಯೊಂದನ್ನು ತಂದುಕೊಟ್ಟಳು. ನಾವು ಅದನ್ನು ಗಾಡಿಯ ನೆತ್ತಿಗೆ ಹಾಸಿ ರೊಟ್ಟಿ ಹರವಿದೆವು. ಕಾಗೆಗಳ ಪಾಲು ಎಂಟು ರೊಟ್ಟಿ. ಉಳಿದವು ಸಂಜೆಯ ಹೊತ್ತಿಗೆ ಮತ್ತೆ ಸದ್ದು ಮಾಡಿದವು.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಗೋಕರ್ಣದ ಸಮೀಪದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಅಘನಾಶಿನಿ ಕಡಲು ಸೇರುವ ಆ ತಗ್ಗಿನಲ್ಲಿ ಉಬ್ಬರದ ನೀರನ್ನು ಚಿಕ್ಕ ಚಿಕ್ಕ ಕಟ್ಟೆಗಳೊಳಗೆ ಬಿಟ್ಟುಕೊಂಡು ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. ಮೇ ತಿಂಗಳಿನಲ್ಲಿ ಆ ಬಿಳಿ ಗುಡ್ಡೆಗಳ ನಡುವೆ ನಿಂತರೆ ಕಣ್ಣು ಕೋರೈಸುತ್ತದೆ. ನೀರು ಆರಿಹೋಗುವುದನ್ನೇ ಕಾಯುತ್ತ ಕುಳಿತ ಜನರನ್ನು ನಾನು ನೋಡಿದ್ದು ಅದೇ ಮೊದಲು.

ಗಾಡಿಯಲ್ಲಿ ಬದುಕುವುದೆಂದರೆ ದಿನಕ್ಕೆ ಮೂರು ಸಲ ಅಪರಿಚಿತರ ಮನೆಯ ಮುಂದೆ ಕೈಚಾಚಿ ನಿಲ್ಲುವುದು ಎಂದು ಯಾವ ವಿಡಿಯೊದಲ್ಲಿಯೂ ಹೇಳುವುದಿಲ್ಲ. ಬೆಳಿಗ್ಗೆ ನೀರು, ಸಂಜೆ ನಿಲ್ಲಿಸಲು ಜಾಗ, ರಾತ್ರಿ ಹದಿನೈದು ಆಂಪಿಯರಿನ ಒಂದು ಪ್ಲಗ್ಗು. ಬೇಡುವುದಕ್ಕೆ ನಾಚಿಕೆಯಾಗದ ಏಕೈಕ ವ್ಯಕ್ತಿ ಅವ್ವ. ಎರಡನೆಯ ದಿನದಿಂದ ಆ ಇಲಾಖೆಯನ್ನು ಅವಳಿಗೇ ಒಪ್ಪಿಸಿದೆವು. ಹೊಲಸು ನೀರಿನ ಇಲಾಖೆ ಮಾತ್ರ ನನ್ನ ಪಾಲಿಗೆ ಬಂತು. ಸಂಡಾಸಿನ ಡಬ್ಬಿಯಲ್ಲಿ 20 ಲೀಟರ್ ಹಿಡಿಯುತ್ತದೆ, ಐದು ಮಂದಿ ಎಗ್ಗಿಲ್ಲದೆ ಬಳಸಿದರೆ ಅದು ಎರಡು ದಿನವೂ ತಾಳುವುದಿಲ್ಲ. ಅದನ್ನು ಖಾಲಿ ಮಾಡುವ ವ್ಯವಸ್ಥೆ ಆ ದಾರಿಯಲ್ಲಿ ನಮಗೆ ಎಲ್ಲಿಯೂ ಕಾಣಲಿಲ್ಲ. ಹೊಳೆಗೆ ಸುರಿದುಬಿಡಿ ಎಂದು ಒಬ್ಬರು ಸಲಹೆ ಕೊಟ್ಟರು. ಚಿಪ್ಪಿಕಲ್ಲು ಆಯಲು ಹೆಂಗಸರು ಸೊಂಟದವರೆಗೆ ಇಳಿಯುವ ಹೊಳೆಗೆ ಅದನ್ನು ಸುರಿಯುವ ಮನಸ್ಸು ಬರಲಿಲ್ಲ. ಕೊನೆಗೆ ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ, ಡೀಸೆಲ್ ಹಾಕಿಸಿಕೊಂಡ ಸಲುಗೆಯಲ್ಲಿ, ಕಾವಲುಗಾರನಿಗೆ ನೂರು ರೂಪಾಯಿ ಕೊಟ್ಟು ಅವರ ಶೌಚಾಲಯದಲ್ಲಿ ಸುರಿದು, ಅವರದೇ ನೀರಿನಿಂದ ತೊಳೆದು ಬರುವುದನ್ನು ರೂಢಿ ಮಾಡಿಕೊಂಡೆ. ಇಂಥ ಪ್ರವಾಸ ಮಾಡಬೇಕೆನ್ನುವವರು ಕಡಲಿನ ಫೋಟೊಗಳನ್ನು ನೋಡುವ ಮೊದಲು ಆ ಡಬ್ಬಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನಡೆದು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಹೊನ್ನಾವರ ದಾಟಿದ ಮೇಲೆ ಒಂದು ಮಧ್ಯಾಹ್ನ ಗಾಡಿ ಉಸುಕಿನಲ್ಲಿ ಕೂತುಬಿಟ್ಟಿತು. ತಪ್ಪು ನಮ್ಮದೇ. ಗಟ್ಟಿಯಾಗಿ ಕಂಡ ತೀರದ ಅಂಚಿನಲ್ಲಿ ಹತ್ತು ಅಡಿ ಮುಂದೆ ಹೋದರೆ ಗಾಳಿ ಚೆನ್ನಾಗಿ ಬರುತ್ತದೆಂಬ ಆಸೆಗೆ ಬಿದ್ದು, ಮೂರು ಟನ್ನಿಗೂ ಹೆಚ್ಚು ತೂಗುವ ಮನೆಯನ್ನು ಉಸುಕಿಗೆ ಇಳಿಸಿದ್ದೆವು. ಹಿಂದಿನ ಚಕ್ರ ತಿರುಗಿದಷ್ಟೂ ಗುಂಡಿ ಆಳವಾಯಿತು. ಚಕ್ರದ ಗಾಳಿ ಇಳಿಸಿದೆವು, ತೆಂಗಿನ ಗರಿ ಒತ್ತರಿಸಿದೆವು, ಪ್ರಯೋಜನವಾಗಲಿಲ್ಲ. ಆ ಹೊತ್ತಿಗೆ ಕೈರಂಪಣಿ ಎಂಬ ದಡದ ಬಲೆಯನ್ನು ಎಳೆದು ಮುಗಿಸಿದ್ದ ಹದಿನೈದು ಇಪ್ಪತ್ತು ಮಂದಿ ಬಲೆ ಕೊಡವುವುದನ್ನು ಬಿಟ್ಟು ಬಂದರು. ಅವರಲ್ಲಿ ಒಬ್ಬ ಮುದುಕರು ಯಾರೊಂದಿಗೂ ಮಾತನಾಡದೆ ಗಾಡಿಯ ಸುತ್ತ ಒಂದು ಸುತ್ತು ಬಂದು, ನೀರಿನ ಟ್ಯಾಂಕು ಎಲ್ಲಿದೆ ಎಂದು ಕೇಳಿ, ಮೊದಲು ಅದನ್ನು ಖಾಲಿ ಮಾಡಿಸಿದರು. ಬೆಳಿಗ್ಗೆಯಷ್ಟೇ ಬೇಡಿ ತುಂಬಿಸಿಕೊಂಡಿದ್ದ 90 ಲೀಟರ್ ಸಿಹಿನೀರು ಉಸುಕಿಗೆ ಇಂಗುತ್ತಿದ್ದಾಗ ಅವ್ವ ಮುಖ ತಿರುಗಿಸಿಕೊಂಡಳು. ಅನಂತರ ಬಲೆಯ ಹಗ್ಗವನ್ನೇ ಗಾಡಿಯ ಹಿಂದಿನ ಕೊಕ್ಕೆಗೆ ಬಿಗಿದು, ‘ಐಸಾ’ ಎಂಬ ಕೂಗಿಗೆ ಎಲ್ಲರೂ ಒಮ್ಮೆಗೇ ಹಿಂದಕ್ಕೆ ವಾಲಿದರು. ನಾಲ್ಕನೆಯ ಕೂಗಿಗೆ ಗಾಡಿ ಮೇಲೆ ಬಂತು. ಹಣ ಮುಟ್ಟಲಿಲ್ಲ, ಚಹಾ ಆಗಬಹುದೆಂದರು. ಚಹಾ ಮಾಡಲು ಗಾಡಿಯಲ್ಲಿ ನೀರಿರಲಿಲ್ಲ! ಅವರದೇ ಕ್ಯಾನಿನ ನೀರಿನಲ್ಲಿ ನಾವು ಅವರಿಗೆ ಚಹಾ ಮಾಡಿಕೊಟ್ಟೆವು.

ಆ ಮುದುಕರು ಚಹಾ ಕುಡಿಯುತ್ತ ದೊಡ್ಡ ರಂಪಣಿಯ ಕಾಲದ ಕತೆ ಹೇಳಿದರು. ಬಲೆಯ ಒಂದು ತುದಿಯನ್ನು ದಡದಲ್ಲಿಯೇ ಬಿಟ್ಟು, ಇನ್ನೊಂದು ತುದಿಯನ್ನು ದೋಣಿಯಲ್ಲಿ ಒಯ್ದು ಮೀನಿನ ಹಿಂಡನ್ನು ಸುತ್ತುವರಿದು ಮತ್ತೆ ದಡಕ್ಕೆ ತಂದು, ಎರಡೂ ಕಡೆಯಿಂದ ಹತ್ತಾರು ಮಂದಿ ಎಳೆಯುತ್ತಿದ್ದ ಬಲೆ ಅದು; ಸಿಕ್ಕಿದ್ದರಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು ಹಿಂಡನ್ನು ಕಡಲಿನಲ್ಲಿಯೇ ಸುತ್ತುವರಿಯತೊಡಗಿದ ಮೇಲೆ ದಡದ ಬಲೆಗೆ ಮೀನು ಬರುವುದು ಕಡಿಮೆಯಾಯಿತು. ಈಗ ಉಳಿದಿರುವುದು ಚಿಕ್ಕದಾದ ಕೈರಂಪಣಿ. ಅಂದು ಅವರ ಬಲೆಯಲ್ಲಿ ಬಂದದ್ದು ಎರಡು ಬುಟ್ಟಿಯಷ್ಟು ಸಣ್ಣ ಮೀನು. ಅದನ್ನು ಅವರು ಹದಿನೈದು ಇಪ್ಪತ್ತು ಪಾಲು ಮಾಡಿದರು.

ಮುರುಡೇಶ್ವರ, ಭಟ್ಕಳ, ಬೈಂದೂರುಗಳನ್ನು ಬೇಗ ದಾಟಿದೆವು. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಎಲ್ಲರೂ ಬರೆಯುವ ಜಾಗವಾದ್ದರಿಂದ ನಾನು ಬರೆಯುವುದಿಲ್ಲ. ಗಂಗೊಳ್ಳಿಯಲ್ಲಿ ಎರಡು ರಾತ್ರಿ ಇದ್ದೆವು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ನದಿಗಳು ಒಟ್ಟಾಗಿ ಪಂಚಗಂಗಾವಳಿಯಾಗಿ ಕಡಲು ಸೇರುವ ಊರು ಅದು. ಐದು ಹೊಳೆ ಕೂಡುವಲ್ಲಿ ನಾವು ಕುಡಿಯಲು ಒಂದು ಕೊಡ ನೀರು ಹುಡುಕುತ್ತ ತಿರುಗಿದೆವು ಎಂದರೆ ಊರಿನಲ್ಲಿ ಯಾರೂ ನಂಬಲಿಲ್ಲ. ಬೇಸಿಗೆಯಲ್ಲಿ ಹೊಳೆಯ ಹರಿವು ಇಳಿದಾಗ ಉಬ್ಬರದ ಉಪ್ಪುನೀರು ಮೇಲೆ ಮೇಲೆ ಏರುತ್ತದೆ. ಸೇದಿ ಸೇದಿ ತಳ ಕಂಡ ಬಾವಿಗಳಿಗೆ ಅದೇ ಉಪ್ಪು ನೆಲದೊಳಗಿನಿಂದ ಜಿನುಗುತ್ತದೆ. ನಾವು ಗಾಡಿ ನಿಲ್ಲಿಸಿದ್ದ ಅಂಗಳದ ಬಾವಿಯಲ್ಲಿ ನೀರು ಕೈಗೆಟುಕುವಷ್ಟು ಮೇಲಿತ್ತು, ತಿಳಿಯಾಗಿತ್ತು. ಅವ್ವ ಹಗ್ಗ ಹಿಡಿದಾಗ ಮನೆಯಾಕೆ, ‘ಈ ನೀರ್ ಕುಡುಕ್ ಆತಿಲ್ಲೆ ಅಮ್ಮ, ಪಾತ್ರೆ ತೊಳುಕ್ ಆತ್ತ್’ ಎಂದು ತಡೆದಳು. ಬಾವಿ ತುಂಬ ನೀರಿದ್ದೂ ಕುಡಿಯುವ ನೀರಿಗೆ ಆ ಮನೆಯವರು ಟ್ಯಾಂಕರ್ ಕಾಯುತ್ತಿದ್ದರು. ಅದರಲ್ಲಿಯೂ ನಮಗೆ ಎರಡು ಕೊಡ ಕೊಟ್ಟರು. ಅವ್ವ ಅದಕ್ಕೆ ಪ್ರತಿಯಾಗಿ ಮನೆಯ ತೊಗರಿಬೇಳೆ ಎರಡು ಕಿಲೊ ಕೊಟ್ಟಳು; ಇಬ್ಬರೂ ತಮಗೇ ಲಾಭವಾಯಿತೆಂಬಂತೆ ನಗುತ್ತಿದ್ದರು.

ಅದೇ ಅಂಗಳಕ್ಕೆ ಸಂಜೆ ಒಬ್ಬ ತಾಂಡೇಲರು ಬಂದರು. ಆಳಸಮುದ್ರಕ್ಕೆ ಹೋಗುವ ಬೋಟನ್ನು ಮುನ್ನಡೆಸುವವನಿಗೆ ಅಲ್ಲಿ ತಾಂಡೇಲ ಎನ್ನುತ್ತಾರೆ. ಗಾಡಿಯೊಳಗೆ ಇಣುಕಿದ ಬೇರೆಲ್ಲರೂ ಬೆಲೆ ಎಷ್ಟು, ಮೈಲೇಜ್ ಎಷ್ಟು ಎಂದು ಕೇಳಿದ್ದರೆ, ಅವರು ಕೇಳಿದ ಮೊದಲ ಮಾತು, ‘ನೀರ್ ಎಷ್ಟ್ ಹಿಡಿತ್ತ್ ಇದ್ರೊಳ್ಗ್?’ ಅವ್ವನಿಗೆ ಅವರು ಆ ಕ್ಷಣವೇ ಸ್ವಂತ ತಮ್ಮನಾದರು. ತಮ್ಮ ಬೋಟಿನಲ್ಲಿ ಒಂಬತ್ತು ಮಂದಿ ಹತ್ತು ದಿನಕ್ಕೆ ಸುಮಾರು ಎರಡು ಸಾವಿರ ಲೀಟರ್ ಒಯ್ಯುತ್ತಾರಂತೆ. ಭಾಗಿಸಿ ನೋಡಿದೆ: ಒಬ್ಬನಿಗೆ ದಿನಕ್ಕೆ 22 ಲೀಟರ್. ಐದು ಮಂದಿಯ ನಮ್ಮದು 18. ಕಡಲ ನೀರಿನಲ್ಲಿ ಮೈ ತೊಳೆದು ಕೊನೆಗೆ ಒಂದು ಚೊಂಬು ಸಿಹಿನೀರು ಹೊಯ್ದುಕೊಳ್ಳುವುದು, ಅಕ್ಕಿ ತೊಳೆದ ನೀರನ್ನು ಚೆಲ್ಲದಿರುವುದು, ಏರಿಳಿಯುವ ಬೋಟಿನಲ್ಲಿ ಉರುಳದಂತೆ ಪಾತ್ರೆ ಕಟ್ಟುವುದು, ಇವುಗಳನ್ನೆಲ್ಲ ಅವರು ವಿವರಿಸುತ್ತಿದ್ದಾಗ ನಮ್ಮ ಗಾಡಿಯನ್ನು ಕಟ್ಟಿದವರು ಒಮ್ಮೆ ಬಂದರಿಗೆ ಬಂದಿದ್ದರೆ ಚೆನ್ನಾಗಿತ್ತು ಎನಿಸಿತು. ಪಾತ್ರೆ ಕಪಾಟಿನ ಚಿಲಕಕ್ಕೆ ಬಲೆಯ ನೂಲಿನಿಂದ ಅವರು ಹಾಕಿಕೊಟ್ಟ ಗಂಟು ಈಗಲೂ ಹಾಗೇ ಇದೆ. ಘಟ್ಟ ಹತ್ತಿ ಬರುವಾಗ ಒಂದು ಡಬ್ಬಿಯೂ ಬೀಳಲಿಲ್ಲ.

ಮಲ್ಪೆ ಬಂದರಿನಲ್ಲಿ ನಾವು ಬೆಳಗಿನ ಜಾವ ಹೋದೆವು. ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದು, ಹರಾಜಿನ ಕೂಗು, ಕಾಲಡಿಯ ಒದ್ದೆ, ಬುಟ್ಟಿ ಹೊತ್ತು ಓಡುವವರ ದಾರಿಗೆ ಅಡ್ಡ ನಿಂತು ನಾಲ್ಕು ಸಲ ಬೈಸಿಕೊಂಡದ್ದು, ಇವು ನನ್ನ ನೆನಪಿನಲ್ಲಿವೆ. ಸುತ್ತ ತುಳು, ಕನ್ನಡ, ಒಡಿಯಾ, ತೆಲುಗು. ಆ ಗದ್ದಲದ ನಡುವೆ ಒಂದು ದನಿ ಅವ್ವನ ಸೀರೆ ಉಟ್ಟ ಬಗೆಯನ್ನು ಕಂಡೇ ಇರಬೇಕು, ‘ಯವ್ವಾ, ನೀವು ನಮ್ಮ ಕಡಿಯೋರೇನ್ರಿ?’ ಎಂದಿತು. ಮೀನು ಬೇರ್ಪಡಿಸುತ್ತಿದ್ದ ಆ ಹೆಣ್ಣುಮಗಳು ಜೇವರ್ಗಿ ತಾಲ್ಲೂಕಿನವಳು. ಗಂಡ ಹೆಂಡತಿ ಇಬ್ಬರೂ ಬಂದರಿನಲ್ಲಿ ಕೂಲಿ. ಬೋಟುಗಳು ಆಗಸ್ಟಿನಲ್ಲಿ ಇಳಿಯುವಾಗ ಬರುತ್ತಾರೆ, ಜೂನಿನಲ್ಲಿ ಕಡಲು ಮುಚ್ಚಿದಾಗ ಊರಿಗೆ ಹೋಗಿ ತೊಗರಿ ಬಿತ್ತುತ್ತಾರೆ. ಮೀನುಗಾರಿಕೆಯ ರಜೆ ಮತ್ತು ನಮ್ಮ ಕಡೆಯ ಬಿತ್ತನೆ ಒಂದೇ ತಿಂಗಳಿಗೆ ಬೀಳುತ್ತವೆ ಎಂಬುದನ್ನು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಅವಳು ಕೇಳಿದ್ದು ಒಂದೇ: ‘ಊರ ಕಡಿ ಅಡ್ಡಮಳಿ ಏನರ ಆಗ್ಯಾದೇನ್ರಿ?’ ಆಗಿಲ್ಲವೆಂದೆ. ಹಾಗಾದರೆ ಬೀಜ ಕೊಳ್ಳಲು ಅವಸರವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಮಗಳ ಹಟಕ್ಕೆ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿ ಬಂದೆವು. ಮರಳಿ ಬರುವಷ್ಟರಲ್ಲಿ ಆ ಹೆಣ್ಣುಮಗಳು ನಮ್ಮ ಗಾಡಿಯ ಪಕ್ಕದಲ್ಲಿ ಒಂದು ಗೋಣಿಚೀಲದೊಂದಿಗೆ ನಿಂತಿದ್ದಳು. ಚೀಲದ ತುಂಬ ಒಣಮೀನು. ಬಸ್ಸಿನಲ್ಲಿ ಒಯ್ದರೆ ಕಂಡಕ್ಟರು ಹತ್ತಿಸುವುದಿಲ್ಲ, ನೀವು ಜೇವರ್ಗಿ ದಾಟಿಯೇ ಹೋಗುವವರು, ಅಲ್ಲಿ ನನ್ನ ತಮ್ಮ ಬಂದು ಇಳಿಸಿಕೊಳ್ಳುತ್ತಾನೆ ಎಂದಳು. ನಾವು ಯಾರೂ ಮಾತನಾಡಲಿಲ್ಲ. ಸಂಸಾರವೆಲ್ಲ ಉಣ್ಣುವ, ಮಲಗುವ, ಬೆಳಿಗ್ಗೆ ಅವ್ವ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡುವ ಗಾಡಿ ಅದು. ಅವ್ವ ಸ್ವಲ್ಪ ಹೊತ್ತು ಚೀಲವನ್ನೂ ಆಕೆಯನ್ನೂ ನೋಡಿ, ‘ಒಳಗ ಬ್ಯಾಡವ್ವಾ, ಮ್ಯಾಲ ಕಟ್ಟಿಸ್ತೀನಿ’ ಎಂದಳು. ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ, ರೊಟ್ಟಿ ಒಣಗಿಸಿದ್ದ ಅದೇ ನೆತ್ತಿಯ ಮೇಲೆ, ಸೋಲಾರ್ ಫಲಕದ ಹಿಂದೆ ಬಿಗಿದೆವು. ಹುಬ್ಬಳ್ಳಿ ದಾಟುವವರೆಗೂ ಪ್ರತಿ ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವರು ಮೂಗು ಮೇಲೆತ್ತಿ ನೋಡುತ್ತಿದ್ದರು.

ಒಂಬತ್ತನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಜೇವರ್ಗಿ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿದೆವು. ಕಿಟಕಿ ತೆರೆದರೆ ಮುಖಕ್ಕೆ ಒಲೆಯ ಬಾಯಿಯಂಥ ಒಣ ಗಾಳಿ ಬಡಿಯಿತು, ಅವ್ವ ಹಿತವಾಯಿತೆಂಬಂತೆ ಕಣ್ಣು ಮುಚ್ಚಿಕೊಂಡಳು. ಆ ಹುಡುಗ ಬೈಕಿನ ಮೇಲೆ ತಯಾರಾಗಿ ನಿಂತಿದ್ದ. ಚೀಲ ಇಳಿಸಿಕೊಂಡು, ‘ಗಾಡ್ಯಾಗ ಮನಿನೇ ಅದಂತಲ್ರಿ, ಅಕ್ಕ ಫೋನ್ ಮಾಡಿ ಹೇಳಿದ್ಳು’ ಎಂದು ನಾಚುತ್ತ ಒಳಗೆ ಬಂದ. ಹಲಗೆ ಮಂಚವಾಗುವುದನ್ನು, ಕಪಾಟು ಸಂಡಾಸಾಗುವುದನ್ನು ಮಗಳು ತೋರಿಸಿದಳು. ಬಿಸಿಲಲ್ಲಿ ಬಹಳ ಹೊತ್ತು ಕಾದಿದ್ದನೋ ಏನೋ, ಕುಡಿಯಲು ನೀರು ಕೇಳಿದ. ಅವಳು ಲೋಟ ಹಿಡಿದು ನಲ್ಲಿ ತಿರುಗಿಸಿದಳು. ಅಡಿಯಲ್ಲಿ ಪಂಪು ಗರಗರ ಸದ್ದು ಮಾಡಿತು, ನಲ್ಲಿ ಎರಡು ಸಲ ಕೆಮ್ಮಿತು, ಹನಿ ಬೀಳಲಿಲ್ಲ. ಹುಡುಗ ನಕ್ಕು ಕೆಳಗಿಳಿದು, ಬೈಕಿನ ಹ್ಯಾಂಡಲ್ಲಿಗೆ ಒದ್ದೆ ಬಟ್ಟೆ ಸುತ್ತಿ ತೂಗುಹಾಕಿದ್ದ ತನ್ನ ಬಾಟಲಿಯನ್ನು ಬಿಚ್ಚಿ, ತಾನು ಕುಡಿಯುವ ಮೊದಲು ಅವ್ವನ ಕೈಗೆ ಕೊಟ್ಟ.